ದಾರಿ ಬಿಟ್ಟ ದನಕ್ಕೆ ಗಂಟೆ

ಚಾಮರಾಜನಗರ, ೨೭ ಜನವರಿ ೧೯೫೭

…ದಾರಿ ಬಿಟ್ಟ ದನವನ್ನು ಬೈಯಬಾರದು, ಕೊರಳಿಗೆ ಗಂಟೆ ಕಟ್ಟಬೇಕು ಎಂದರೋ, ಗಂಟೆ ಕಟ್ಟಿ ಆಮೇಲೆ ಬೈಯಬೇಕು ಎಂದರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನಮ್ಮ ಪಕ್ಷದ ಅಧ್ಯಕ್ಷರು ಎಲೆಯಡಿಕೆ ಜಗಿಯುತ್ತಲೇ ಮಾತಾಡುವುದರಿಂದ ಅವರ ಅರ್ಧ ವಾಕ್ಯ ಪೀಕದಾನಿಗೆ ಹೋಗುತ್ತದೆ. ಮಾತು ದನದ್ದು, ಅರ್ಥ ಗುರುಮಲ್ಲಯ್ಯನವರದು. ದಾರಿ ಬಿಟ್ಟು ಹೋಗುವ ದನವನ್ನು ಕಟ್ಟಿಹಾಕಿದರೆ ಹಾಲು ಬತ್ತುತ್ತದೆ. ಗಂಟೆ ಕಟ್ಟಿದರೆ ಅದು ಯಾರ ಹೊಲಕ್ಕೆ ನುಗ್ಗಿದರೂ ನಮ್ಮದೇ ದನ ಎಂದು ಊರಿಗೆಲ್ಲ ಕೇಳಿಸುತ್ತದೆ.

ಗುರುಮಲ್ಲಯ್ಯನವರು ಈ ಚುನಾವಣೆಗೆ ಪಕ್ಷದ ಅಭ್ಯರ್ಥಿ. ಗುಂಡ್ಲುಪೇಟೆ ಕಡೆಯ ಅನುಕೂಲಸ್ಥರು, ದಪ್ಪ ಮೀಸೆ, ಬೇಗ ಒದ್ದೆಯಾಗುವ ಕಣ್ಣು. ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ. ಎದುರಿಗೆ ಕೂತವರ ಮುಖ ನೋಡಿದ ಕೂಡಲೇ ಅವರಿಗೆ ಬೇಕಾದದ್ದೇ ತಮಗೂ ಬೇಕು ಎಂದು ಮನಸಾರೆ ನಂಬಿಬಿಡುತ್ತಾರೆ. ನಿನ್ನೆ ಉಡಿಗಾಲದಲ್ಲಿ ಪಾನನಿರೋಧದ ಮೇಲೆ ನಾನು ಬರೆದುಕೊಟ್ಟ ಭಾಷಣ ಓದಬೇಕಿತ್ತು. ಮುಂದಿನ ಸಾಲಿನಲ್ಲಿ ಈಚಲ ಹೆಂಡ ಇಳಿಸುವವರು ಕೂತಿದ್ದರು. ಕಾಗದ ಮಡಚಿ ಜೇಬಿಗಿಟ್ಟು, "ದುಡುದು ಸುಸ್ತಾದೋನು ಒಂದ್ ಬುಂಡೆ ಕುಡುದ್ರೆ ದ್ಯಾವ್ರೇನ್ ಮೊಕ ತಿರುಗುಸ್ಕತಾನಾ?" ಎಂದರು. ಚಪ್ಪಾಳೆ ಬಿತ್ತು.

ಇವರಿಂದ ಟಿಕೆಟ್ ವಾಪಸು ಪಡೆಯಬಹುದಲ್ಲ ಎಂದು ಅಧ್ಯಕ್ಷರನ್ನು ಕೇಳಿದೆ.

"ನೀವು ಕತೆ ಬರ್ಯೋರು, ಕತೆ ಬರ್ಕೊಂಡಿರಿ. ಪ್ರಣಾಳಿಕೆ ಅಂದ್ರೆ ಲಗ್ನಪತ್ರಿಕೆ ಇದ್ದಂಗೆ ಕಣ್ರೀ. ಅಚ್ಚಾಕುಸ್ಬೇಕು, ಅರಿಶಿಣ ಹಚ್ಬೇಕು, ಹಂಚ್ಬೇಕು. ಮದ್ವೆ ಆದ್ಮೇಲೆ ಯಾವ ಗಂಡ ತೆಗ್ದು ಓದ್ತಾನೆ?"

ನಾನು ಬರೆದ ಕತೆಗಳನ್ನು ಯಾರೂ ಓದಲಿಲ್ಲ. ಅದಕ್ಕೇ ಇವರ ಪ್ರಚಾರ ಕಾರ್ಯದರ್ಶಿಯಾಗಿದ್ದೇನೆ. ನನಗೆ ಅವರ ಪಕ್ಷದ ಮೇಲೆ ನಂಬಿಕೆಯಿಲ್ಲ, ಅವರಿಗೆ ನನ್ನ ನಂಬಿಕೆ ಬೇಕಾಗಿಲ್ಲ. ಇಷ್ಟು ಶುಚಿಯಾದ ಸಂಬಂಧ ನನಗೆ ಬೇರೆ ಯಾರೊಂದಿಗೂ ಇಲ್ಲ.

೨ ಫೆಬ್ರವರಿ

ಈ ವಾರದ ಭಾಷಾಂತರಗಳು. ಉಡಿಗಾಲದ ಹೆಂಡದ ಮಾತು ಕರಪತ್ರದಲ್ಲಿ "ಶ್ರಮಜೀವಿಗಳ ಬಳಲಿಕೆಯನ್ನು ಬಲ್ಲ ಹೃದಯ" ಎಂದಾಯಿತು. ಕುದೇರಿನಲ್ಲಿ ಅವರು "ಕಂದಾಯ ಯಾಕ್ ಕಟ್ಟೀರಿ, ಮಳೆ ಉಯ್ಯೋನು ಅಮಲ್ದಾರನಾ?" ಎಂದು ಕೇಳಿದ್ದು "ನಿರ್ಭೀತ ಚಿಂತಕ" ಎಂದಾಯಿತು. ಇಲ್ಲಿ ಪೇಟೆಯ ವರ್ತಕರ ಮುಂದೆ ಇದ್ದಕ್ಕಿದ್ದಂತೆ ಕಂದಾಯ ಕಟ್ಟದವರನ್ನು ಜೈಲಿಗೆ ಹಾಕಬೇಕು ಎಂದರು. ಅದಕ್ಕೆ "ಸಮನ್ವಯಶೀಲ" ಎಂದು ಹಾಕಿದೆ.

ಅಧ್ಯಕ್ಷರಿಗೆ ಬಲು ಪ್ರಿಯವಾದ ಪದ "ಸಂದರ್ಭಾನುಸಾರ". ನಮ್ಮ ಅಭ್ಯರ್ಥಿಗಳು ನೀತಿಯನ್ನು ಸಂದರ್ಭಾನುಸಾರ ವ್ಯಾಖ್ಯಾನಿಸುತ್ತಾರೆ. ಖಾಲಿ ಡಬ್ಬದಂಥ ಪದ, ಬಡಿದಷ್ಟೂ ಸದ್ದು. ಕೋಟಿನ ಜೊತೆ ಅದನ್ನೂ ಜಗಲಿಯ ಗೂಟಕ್ಕೆ ನೇತುಹಾಕಿ ಮನೆಯೊಳಗೆ ಬರುತ್ತೇನೆ. ಸೀಮೆಎಣ್ಣೆ ತಂದಿರಾ ಎಂದು ಮಂಗಳಗೌರಿ ಕೇಳಿದಳು. ಮರೆತೆ ಎಂದೆ. ಮನೆಯಲ್ಲಿ ಹೆಂಡತಿಗೆ ಹೇಳುವ ಮಾತು ಇಷ್ಟು ಚಿಕ್ಕದಾಗಿರುವುದು ಎಂಥ ಆರಾಮ.

ಗುಂಡ್ಲುಪೇಟೆ, ೬ ಫೆಬ್ರವರಿ

ಊಟಿ ಬಸ್ಸಿನಲ್ಲಿ ಹಂಗಳಕ್ಕೆ ಹೋಗಿ ಬಂದೆ.

ಆ ಊರಿನ ದನ ಕಾಡಿಗೆ ಮೇಯಲು ಹೋಗುವುದು ಅಜ್ಜ ಮುತ್ತಜ್ಜರ ಕಾಲದಿಂದ. ವರ್ಷಕ್ಕೊಮ್ಮೆ ಅರಣ್ಯದವರು ಮೇವಿನ ಪಾಸು ಕೊಡುತ್ತಿದ್ದರು. ಅಂಗೈಯಗಲದ ಹಸಿರು ಚೀಟಿ, ಮೂಲೆಯಲ್ಲಿ ದುಂಡನೆಯ ಮೊಹರು. ಅದನ್ನು ಸುರುಳಿ ಸುತ್ತಿ ಬಿದಿರಿನ ಕೊಳವೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಗಾರ್ಡು ಅಡ್ಡ ಬಂದರೆ ಕೊಳವೆ ತಟ್ಟಿ ಚೀಟಿ ತೋರಿಸುತ್ತಾರೆ. ಓದು ಬೇಕಾಗಿಲ್ಲ, ಬಣ್ಣ ಕಂಡರೆ ಸಾಕು. ಈ ವರ್ಷ ಪಾಸು ನಿಂತಿದೆ. ಪಕ್ಷದ ಪ್ರಣಾಳಿಕೆಯೂ ಅದೇ ಕಡೆಗಿದೆ: ವನಸಂಪತ್ತಿನ ರಕ್ಷಣೆ, ಕಾಡಿನೊಳಗೆ ಜಾನುವಾರುಗಳಿಗೆ ಪ್ರವೇಶವಿಲ್ಲ. ಆ ಪುಟ ಬರೆದವನು ನಾನು. ಭಾಷೆ ಚೆನ್ನಾಗಿದೆ.

ಅದೇ ಪುಟವನ್ನು ಗುರುಮಲ್ಲಯ್ಯನವರ ಕೈಗೆ ಕೊಟ್ಟು ವೇದಿಕೆ ಹತ್ತಿಸಿದೆ. ಅವರು ಜನರನ್ನು ನೋಡಿದರು. ಜನ ಅವರನ್ನು ನೋಡಿದರು. ಕಣ್ಣು ಒದ್ದೆಯಾಯಿತು. ಇನ್ನು ಮುಗಿಯಿತು ಎಂದುಕೊಂಡೆ.

"ಉಲಿಗೆ ಜಾಗ ಅದೆ, ಅಸೂಗೆ ಇಲ್ವಾ? ಕಾಡು ನಿಮ್ದು ಕಣ್ರಪ್ಪಾ! ಬುಡಿ ದನವ. ಯಾವನಾರ ತಡುದ್ರೆ ಗುರುಮಲ್ಲಯ್ಯ ಏಳವ್ರೆ ಅನ್ನಿ!"

ಶಿಳ್ಳೆ, ಕೇಕೆ. ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಮಾದಮ್ಮ ಎಂದು ಆಮೇಲೆ ತಿಳಿಯಿತು. ಒಂದು ಹಸು, ಒಂದು ಕಡಸು ಕಟ್ಟಿಕೊಂಡು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹಾಲು ಹಾಕಿ ಬದುಕುವವಳು.

"ಬಾಯ್ ಮಾತ್ನ ಗಾರ್ಡು ಕೇಳಾನಾ ಬುದ್ಧಿ? ಒಂದು ಚೀಟಿ ಕೊಟ್ಬುಡಿ."

"ಕೊಡುಸ್ತೀನಿ ಕಣವ್ವಾ! ನಮ್ ಪ್ರಚಾರದೋರು ಇಲ್ಲೇ ಅವ್ರೆ. ಏನ್ರೀ, ಕೊಟ್ಬುಡಿ!"

ಎಲ್ಲರೂ ನನ್ನತ್ತ ತಿರುಗಿದರು. ನಾನು ಕನ್ನಡಕ ಒರೆಸಿಕೊಂಡೆ.

ಚಾಮರಾಜನಗರ, ೮ ಫೆಬ್ರವರಿ

ಅಧ್ಯಕ್ಷರು ಕೋಪಿಸಿಕೊಳ್ಳಬಹುದೆಂದಿದ್ದೆ. ಅವರು ಕಾಡಂಚಿನ ಊರುಗಳ ಹೆಸರನ್ನು ಬಾಯಲ್ಲೇ ಸಾಲಾಗಿ ಹೇಳಿಕೊಂಡು, "ಗಂಟೆ ಕಟ್ಟಿ" ಎಂದರು. ಅಂದರೆ ಗುರುಮಲ್ಲಯ್ಯನವರ ಮಾತನ್ನು ಹಾಗೇ ಅಚ್ಚು ಹಾಕಿಸಿ ಆ ಊರುಗಳಲ್ಲಿ ಹಂಚಬೇಕು. ಪಕ್ಷ ಅದನ್ನು ಹೇಳಿದಂತಿರಬಾರದು, ಹೇಳದಂತೆಯೂ ಇರಬಾರದು.

ಇಂಥದ್ದಕ್ಕೆ ನಾನೇ ಬೇಕು. ಗೌಸ್ ಮೊಹಿದ್ದೀನ್ ಸಾಹೇಬರ ಮುದ್ರಣಾಲಯದಲ್ಲಿ ಕೂತು ಹತ್ತೇ ನಿಮಿಷದಲ್ಲಿ ಹೊಂದಿಸಿದೆ. ಮೇಲೆ ಮರದ ದಪ್ಪ ಅಚ್ಚುಮೊಳೆಗಳಲ್ಲಿ: "ಕಾಡು ನಿಮ್ಮದು! ದನ ಬಿಡಿ! – ಗುರುಮಲ್ಲಯ್ಯ". ಮೂಲೆಯಲ್ಲಿ ಪಕ್ಷದ ಗುರುತು ಜರಡಿ, ದುಂಡಗೆ, ತೂತು ತೂತಾಗಿ. ತೀರ ಕೆಳಗೆ ಒಂದು ಸಾಲು: "ಮೇಲಿನದು ಅಭ್ಯರ್ಥಿಯ ಸ್ವಂತ ಅಭಿಪ್ರಾಯ. ಪಕ್ಷದ ನೀತಿಯನ್ನು ಪ್ರಣಾಳಿಕೆಯಲ್ಲಿ ನೋಡುವುದು." ಇದಕ್ಕೆ ನಿಮ್ಮಲ್ಲಿರುವ ಅತಿ ಸಣ್ಣ ಮೊಳೆ ಹಾಕಿ ಎಂದೆ.

ಗೌಸ್ ಸಾಹೇಬರು ಕಣ್ಣು ಕಿರಿದು ಮಾಡಿದರು. "ಅರೇ ಸಾಬ್, ಈ ಮೊಳೆ ನಾನು ಮೂಲವ್ಯಾಧಿ ಔಷಧಿ ಜಾಹೀರಾತಿಗೆ ಅಂತ ಇಟ್ಟಿದ್ದು. 'ಗುಣ ಆಗ್ದಿದ್ರೆ ಕಂಪನಿ ಜವಾಬ್ದಾರಿ ಅಲ್ಲ' ಅನ್ನೋದಕ್ಕೆ."

"ಅದೇ ಕಾಯಿಲೆ ಅನ್ಕೊಳ್ಳಿ" ಎಂದೆ. ಇಬ್ಬರೂ ನಕ್ಕೆವು.

ಬಿಳಿ ಕಾಗದವನ್ನೆಲ್ಲ ಬೇರೆ ಪಾರ್ಟಿಯವರು ಎತ್ತಿಕೊಂಡು ಹೋಗಿದ್ದರು. ಹಳದಿ ಇದೆ, ಹಸಿರು ಇದೆ ಎಂದರು. ಹಸಿರು ಎಂದೆ. ಅಂಗೈಯಗಲ ಕತ್ತರಿಸಲು ಹೇಳಿದೆ, ಕಾಗದ ಉಳಿಯುತ್ತದೆ. ಆ ಬಣ್ಣದಲ್ಲಿ ಒಂದು ಸಣ್ಣ ಹಾಸ್ಯವಿತ್ತು. ಅದನ್ನು ಸವಿಯುವವರು ಅಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಗುಂಡ್ಲುಪೇಟೆ, ೧೩ ಫೆಬ್ರವರಿ

ಹಂಗಳದಲ್ಲಿ ಹಂಚಿದೆವು. ಜನ ಕೈಚಾಚಿ ತೆಗೆದುಕೊಳ್ಳುವ ರೀತಿ ಬೇರೆಯಾಗಿತ್ತು. ಸಾಮಾನ್ಯವಾಗಿ ಕರಪತ್ರ ಕೊಟ್ಟರೆ ಬೀಡಿ ಕಟ್ಟಲು ಆಗುತ್ತದೆಯೇ ಎಂದು ಮುಟ್ಟಿ ನೋಡುತ್ತಾರೆ. ಇದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮಾದಮ್ಮ ತನ್ನ ಜಗಲಿಗೆ ಕರೆದು ಮಜ್ಜಿಗೆ ಕೊಟ್ಟಳು. ಉಪ್ಪು ಸರಿಯಾಗಿತ್ತು, ಕೊತ್ತಂಬರಿ ಹೆಚ್ಚಾಗಿತ್ತು. ಕೊಟ್ಟಿಗೆಯಲ್ಲಿ ಹಸು ತಲೆಯಾಡಿಸಿದಾಗಲೆಲ್ಲ ಕೊರಳಿನ ಮರದ ಗಂಟೆ ಲೊಟಲೊಟ ಎನ್ನುತ್ತಿತ್ತು. ಕಾಡಿನಲ್ಲಿ ದಾರಿ ತಪ್ಪಿದರೆ ಆ ಸದ್ದು ಹಿಡಿದು ಹುಡುಕುತ್ತಾರಂತೆ.

"ನಂಗೆ ಓದು ಬರಾಕಿಲ್ಲ. ಓದೇಳಪ್ಪಾ."

ಓದಿದೆ. ಕಾಡು ನಿಮ್ಮದು, ದನ ಬಿಡಿ, ಗುರುಮಲ್ಲಯ್ಯ. ಅವಳು ಉಗುರಿನಿಂದ ಚೀಟಿಯ ಕೆಳತುದಿ ಮುಟ್ಟಿದಳು.

"ಇಲ್ಲಿ ಇರುವೆ ಸಾಲಂಗೆ ಅದಲ್ಲ, ಇದೇನು?"

"ಅದು ಅಚ್ಚಾಪೀಸಿನ ವಿಳಾಸ" ಎಂದೆ.

"ಗೌರ್ಮೆಂಟು ಅಂದ್ಮೇಲೆ ವಿಳಾಸ ಇರ್ಲೇಬೇಕು ಬುಡು" ಎಂದು ಚೀಟಿಯನ್ನು ಸುರುಳಿ ಸುತ್ತಿ ಬಿದಿರಿನ ಕೊಳವೆಯೊಳಗೆ ಇಟ್ಟುಕೊಂಡಳು. ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದಳು. ಹೊತ್ತಾಗಿತ್ತು, ಬೆಳಕು ಸಾಲದು, ನನ್ನ ಕನ್ನಡಕವೂ ಹಳೆಯದು.

೧೪ ಫೆಬ್ರವರಿ

ಅಚ್ಚಾಪೀಸಿನ ಹೆಸರೂ ವಿಳಾಸವೂ ಆ ಸಾಲಿನ ಕೊನೆಗೆ ಇದ್ದೇ ಇದೆ. ಕಾನೂನಿನಂತೆ ಇರಲೇಬೇಕು. ಆದ್ದರಿಂದ ಹೇಳಿದ್ದು ಸುಳ್ಳಲ್ಲ.

೨೧ ಫೆಬ್ರವರಿ

ಹಂಗಳದ ದನಗಳನ್ನು ಅರಣ್ಯದವರು ಹಿಡಿದು ಗುಂಡ್ಲುಪೇಟೆ ದೊಡ್ಡಿಗೆ ತಂದು ಕೂಡಿಹಾಕಿದ್ದಾರೆ. ಬೆಳಿಗ್ಗೆ ಫಾರೆಸ್ಟ್ ಗಾರ್ಡ್ ರಂಗನಾಯಕ ನಮ್ಮ ಕಚೇರಿಯ ಬಾಗಿಲಲ್ಲಿ ಹಸಿರು ಚೀಟಿಗಳ ಕಂತೆ ಹಿಡಿದು ನಿಂತಿದ್ದ. ಅರ್ಧ ಸಿಟ್ಟು, ಅರ್ಧ ನಗು.

"ಏನ್ ಸಾಮಿ ನಿಮ್ ಕಿತಾಪತಿ! ಊರಿಗ್ ಊರೇ ಕೊಳವೆ ತಟ್ಟಿ ತಟ್ಟಿ ಇದ್ನ ತೋರುಸ್ತಾವ್ರೆ. ದೂರ್ದಿಂದ ನೋಡುದ್ರೆ ನಂ ಪಾಸೇಯ. ಮೊದಲ್ನೇ ದಿಸ ಓಗಿ ಓಗಿ ಅಂತ ನಾನೇ ಬುಟ್ಬುಟ್ಟೆ. ಆಮ್ಯಾಕೆ ರೇಂಜರ್ ಸಾಹೇಬ್ರು ಬಂದು ಇಸ್ಕಂಡ್ ನೋಡ್ತಾರೆ, ಮೊಹರ್ ಇರೋ ತಾವ ಜರಡಿ! ಜರಡಿ ಸಾಮಿ! ನನ್ ಕೆಲ್ಸ ಓಗೋದು ಒಂದು ಕೂದ್ಲೆಳೇಲಿ ತಪ್ತು."

ದನದವರು ಏನು ಹೇಳಿದರು ಎಂದು ಕೇಳಿದೆ.

"ಇನ್ನೇನ್ ಅಂದಾರು? ಗುರುಮಲ್ಲಯ್ಯ ಏಳವ್ರೆ ಅಂದ್ರು."

ಮಧ್ಯಾಹ್ನ ಅಧ್ಯಕ್ಷರು ಬಂದರು. ಗುರುಮಲ್ಲಯ್ಯನವರು ಅವರೆದುರು ಕೂತು ನಿಜವಾಗಿಯೇ ಅತ್ತರು, ಮೂಗು ಒರೆಸಿಕೊಂಡು ಮುಂದಿನ ಊರಿನ ಸಭೆಗೆ ಹೊರಟರು. ಅಧ್ಯಕ್ಷರು ಅಳಲಿಲ್ಲ. ನಮ್ಮ ಚೀಟಿಯನ್ನು ಜನ ಸರ್ಕಾರದ ಪಾಸಿನಷ್ಟು ನಂಬಿದ್ದಾರೆಂದರೆ ಅದಕ್ಕಿಂತ ಹೆಚ್ಚಿನ ಪ್ರಚಾರ ಬೇಕೇ ಎಂದರು. ಮತದಾನ ಮುಗಿಯುವವರೆಗೆ ದೊಡ್ಡಿಯ ವಿಷಯಕ್ಕೆ ಬಾಯಿ ಹಾಕಬಾರದು ಎಂದೂ ಹೇಳಿದರು. ಕಾಡಂಚಿನ ಊರುಗಳಿಗೆ ಹೊಸ ಕರಪತ್ರ ಬರೆದೆ: "ನಿಮ್ಮ ದನಕ್ಕಾಗಿ ಕಣ್ಣೀರಿಟ್ಟ ಒಬ್ಬನೇ ಅಭ್ಯರ್ಥಿ". ಮೈಸೂರಿನ ಪತ್ರಿಕೆಗೆ: "ಪಕ್ಷದೊಳಗೊಂದು ಸ್ವತಂತ್ರ ದನಿ". ಎರಡೂ ನಿಜ. ಇದು ಈ ಕೆಲಸದಲ್ಲಿ ಅಪರೂಪ.

ಚಾಮರಾಜನಗರ, ೨೪ ಫೆಬ್ರವರಿ

ಅಕ್ಕಿ ಮುಗಿದಿದೆ ಎಂದು ಮಂಗಳಗೌರಿ ಹೇಳಿದಳು. ಪರಿಶೀಲಿಸೋಣ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದಳು. ಹಲ್ಲಿನಲ್ಲಿ ಏನಾದರೂ ಸಿಕ್ಕಿಕೊಂಡಿತ್ತೇನೋ.

ಹಂಗಳದವರು ಅದು ಇದು ಮಾರಿ ಜುಲ್ಮಾನೆ ತೆತ್ತು ದನ ಬಿಡಿಸಿಕೊಂಡರಂತೆ. ಉಳಿದಿರುವುದು ಮಾದಮ್ಮನ ಹಸು ಮತ್ತು ಕಡಸು ಮಾತ್ರ. ಅವಳಿಗೆ ಮಾರಲು ಆ ಎರಡರ ಹೊರತು ಬೇರೇನೂ ಇರಲಿಲ್ಲ. ಗಡುವಿನೊಳಗೆ ಬಿಡಿಸದಿದ್ದರೆ ಹರಾಜು.

ಹಂಗಳ, ೧ ಮಾರ್ಚ್

ಮತದಾನ. ಶಾಲೆಯ ಕೋಣೆಯೊಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಮೇಲೆ ಅವರವರ ಗುರುತು. ಜರಡಿಯ ಪೆಟ್ಟಿಗೆಯ ಮೇಲೆ ಯಾರೋ ಒಂದು ಕಣಗಿಲೆ ಹೂವಿಟ್ಟು ಬಂದಿದ್ದರಂತೆ. ವಿರೋಧ ಪಕ್ಷದ ಏಜೆಂಟ್ ಆಕ್ಷೇಪಣೆ ಎತ್ತಿದ, ಹೂವನ್ನು ತೆಗೆಸಿದರು.

ಮಾದಮ್ಮ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದಳು. ವೋಟು ಹಾಕಿ ಅಲ್ಲಿಂದಲೇ ದೊಡ್ಡಿಗೆ ನಡೆಯುವವಳು, ದನಕ್ಕೆ ಮೇವು ಹಾಕಲು. ದಿನವೂ ಹಾಗೇ ನಡೆಯುತ್ತಿದ್ದಾಳಂತೆ. ಹೊರೆಯನ್ನು ಶಾಲೆಯ ಗೋಡೆಗೆ ಒರಗಿಸಿ ಒಳಗೆ ಹೋಗಿ ಬಂದು ನನ್ನೆದುರು ನಿಂತಳು.

"ಆಕ್ದೆ ಕಣಪ್ಪಾ ಜರಡಿಗೇಯ. ಇನ್ನ ಬುಡ್ತಾರಲ್ವಾ?"

"ಸಂದರ್ಭಾನುಸಾರ" ಎಂದೆ.

ಅದು ಹೌದು ಎಂಬುದರ ದೊಡ್ಡ ರೂಪ ಎಂದುಕೊಂಡಿರಬೇಕು. ತಲೆಯಾಡಿಸಿ ಹೊರೆ ಎತ್ತಿಕೊಂಡಳು. ನಾನು ಒಂದು ಕೈ ಕೊಟ್ಟೆ.

ಚಾಮರಾಜನಗರ, ೫ ಮಾರ್ಚ್

ಗೆದ್ದೆವು. ಕಾಡಂಚಿನ ಊರುಗಳೇ ಎತ್ತಿ ಹಿಡಿದವು. ಅಧ್ಯಕ್ಷರು ಗುರುಮಲ್ಲಯ್ಯನವರಿಗೆ ಹಾಕಿದ ಹಾರಗಳಲ್ಲಿ ಒಂದನ್ನು ತೆಗೆದು ನನ್ನ ಕೊರಳಿಗೆ ಹಾಕಿದರು. "ಇವ್ರ ಸಣ್ಣಕ್ಷರ ಪಕ್ಷದ ಮರ್ಯಾದೆ ಉಳಿಸ್ತು!" ಮೈಸೂರಿನ ಕಚೇರಿಗೆ ನನ್ನ ಹೆಸರು ಹೇಳಿದ್ದಾರಂತೆ. ನಮ್ಮ ಪಕ್ಷದಲ್ಲಿ ಕೆಲಸ ಗುರುತಿಸುವವರು ಇದ್ದಾರೆ. ಹಾರವನ್ನು ಮನೆಗೆ ತಂದೆ. ಮಂಗಳಗೌರಿ ಎಲ್ಲಿಡಲಿ ಎಂದು ಕೇಳಿದಳು. ಸೂಕ್ತ ಸ್ಥಳದಲ್ಲಿ ಎಂದೆ.

ಗುಂಡ್ಲುಪೇಟೆ, ೯ ಮಾರ್ಚ್

ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ. ಹಸಿರು ಚೀಟಿಯ ಸುದ್ದಿ ಮೇಲಿನವರೆಗೆ ಹೋಗಿ, ರೇಂಜರು ವರದಿ ಕೊಡಬೇಕೆಂದು ಆಜ್ಞೆಯಾಗಿತ್ತು. ಅಧ್ಯಕ್ಷರು, ಗುರುಮಲ್ಲಯ್ಯನವರು, ರೇಂಜರು, ಬಾಗಿಲಲ್ಲಿ ರಂಗನಾಯಕ. ಇಲಾಖೆಯ ಗುಮಾಸ್ತ ರಜೆಯಲ್ಲಿದ್ದ, ಹೇಳಿಕೆ ಬರೆದುಕೊಳ್ಳಲು ನಾನು. ನಾಳೆ ಹರಾಜು, ಆದ್ದರಿಂದ ಮಾದಮ್ಮನನ್ನೂ ಕರೆಸಿದ್ದರು.

ಪಕ್ಷದ ಹೇಳಿಕೆಯನ್ನು ನಾನು ಮೊದಲೇ ಸಿದ್ಧಪಡಿಸಿದ್ದೆ: ಕರಪತ್ರದಲ್ಲಿ ಸ್ಪಷ್ಟ ಸೂಚನೆ ಅಚ್ಚಾಗಿದ್ದರೂ, ಯಾರೋ ಅಪರಿಚಿತರು ಓದುಬಾರದ ಗ್ರಾಮಸ್ಥರಿಗೆ ಅದನ್ನು ಅಪೂರ್ಣವಾಗಿ ಓದಿ ಹೇಳಿ ದಾರಿ ತಪ್ಪಿಸಿದ್ದಾರೆ. ಗುರುಮಲ್ಲಯ್ಯನವರು ಎಲ್ಲರ ಮುಖ ನೋಡಿ, ಕಾಡು ಉಳಿಯಬೇಕು ಎಂದರು. ಕೋಣೆಯಲ್ಲಿ ಅರಣ್ಯ ಇಲಾಖೆಯವರು ಇದ್ದರಲ್ಲ.

ರೇಂಜರು ಕೆಟ್ಟ ಮನುಷ್ಯನಲ್ಲ. ಚೀಟಿಯನ್ನು ಮಾದಮ್ಮನ ಮುಂದೆ ಹಿಡಿದು ಹೇಳಿದರು: "ನೋಡಮ್ಮ, ನಿನಗೆ ಓದು ಬರಲ್ಲ. ಯಾರೋ ಓದಿ ಹೇಳಿ ನಿನ್ನ ದಾರಿ ತಪ್ಪಿಸಿದ್ದಾರೆ. ಅವನು ಯಾರು ಅಂತ ತೋರಿಸು. ತಪ್ಪು ಅವನ ಮೇಲೆ ಬರೀತೀನಿ, ನಿನ್ನ ದನ ಇವತ್ತೇ ಬಿಡ್ತೀನಿ. ಹೇಳದಿದ್ರೆ ನನ್ನ ಕೈಲಿ ಏನೂ ಇಲ್ಲ."

ಕೋಣೆಯಲ್ಲಿ ಒಂದು ನೊಣ ಇತ್ತು. ಅವಳು ನಿಂತಲ್ಲಿಂದ ಕೈ ಚಾಚಿದರೆ ನನ್ನ ಮೇಜು. ನಾನು ಲೇಖನಿಯನ್ನು ಮಸಿಯಲ್ಲಿ ಅದ್ದಿ ಕಾಯುತ್ತಿದ್ದೆ.

"ಯಾರೋ ಓದುದ್ರು ಬುದ್ಧಿ" ಎಂದಳು ಮಾದಮ್ಮ. "ಮೊಕ ಗ್ಯಾಪ್ಕ ಇಲ್ಲ."

"ಸರಿಯಾಗಿ ಯೋಚ್ನೆ ಮಾಡು. ನಾಳೆ ಹರಾಜು."

"ಮಜ್ಜಿಗೆ ಕೊಟ್ಟಿದ್ದೆ. ಅಷ್ಟು ಗ್ಯಾಪ್ಕ ಅದೆ. ಮೊಕ ಇಲ್ಲ."

"ನೋಡುದ್ರಾ, ವಿರೋಧ ಪಕ್ಷದೋರು ಮಜ್ಜಿಗೇನೂ ಬುಡಾಕಿಲ್ಲ" ಎಂದರು ಅಧ್ಯಕ್ಷರು. ಗುರುಮಲ್ಲಯ್ಯನವರು ನಕ್ಕರು. ರೇಂಜರು ನಗಲಿಲ್ಲ. "ಅಪರಿಚಿತ ವ್ಯಕ್ತಿ" ಎಂದು ನಾನು ಬರೆದುಕೊಂಡೆ. ಬರೆದುಕೊಳ್ಳಲು ಕೂತವನು ನಡುವೆ ಮಾತಾಡುವ ಪದ್ಧತಿ ಇಲ್ಲ.

ಅವಳು ಹೆಬ್ಬೆಟ್ಟು ಒತ್ತಿದಳು. ಮಸಿಯ ಮೆತ್ತೆಯನ್ನು ಮುಂದಕ್ಕೆ ಸರಿಸಿದವನು ನಾನೇ.

ಚಾಮರಾಜನಗರ, ೧೦ ಮಾರ್ಚ್

ಹರಾಜಿಗೆ ನಾನು ಹೋಗಬೇಕಾಗಿರಲಿಲ್ಲ. ಬಸ್ಸಿಗೆ ಹೊತ್ತಿತ್ತು, ದೊಡ್ಡಿ ಆ ದಾರಿಯಲ್ಲೇ ಇತ್ತು. ಹಸು, ಕಡಸು ಎರಡನ್ನೂ ಸುಲ್ತಾನ್ ಬತ್ತೇರಿ ಕಡೆಯ ಒಬ್ಬ ವ್ಯಾಪಾರಿ ಹಿಡಿದುಕೊಂಡ. ಗಂಟೆ ಬಿಚ್ಚಿ ದೊಡ್ಡಿಯ ಗೋಡೆಯ ಮೇಲಿಟ್ಟ. ಲಾರಿಯಲ್ಲಿ ಹೋಗುವ ದನಕ್ಕೆ ದಾರಿ ತಪ್ಪುವ ಭಯವಿಲ್ಲ. ಮಾದಮ್ಮ ಬಂದಿರಲಿಲ್ಲ. ನಿನ್ನೆಯ ಹುಲ್ಲು ಹಾಗೇ ಉಳಿದಿತ್ತು.

ಗಂಟೆಯನ್ನು ತಂದಿದ್ದೇನೆ. ಅನುಕೂಲ ನೋಡಿ ಹಂಗಳಕ್ಕೆ ತಲುಪಿಸುವ ವ್ಯವಸ್ಥೆ ಮಾಡಬೇಕು. ಸದ್ಯಕ್ಕೆ ಮೇಜಿನ ಮೇಲಿದೆ, ಮೈಸೂರಿಗೆ ಕಳಿಸಬೇಕಾದ ಹೇಳಿಕೆಯ ಪ್ರತಿಗಳು ಗಾಳಿಗೆ ಹಾರದಂತೆ. ಮಂಗಳಗೌರಿ ಅದನ್ನೆತ್ತಿ ಒಮ್ಮೆ ಅಲ್ಲಾಡಿಸಿ, ಇದು ಯಾರ ಮನೆಯದು ಎಂದು ಕೇಳಿದಳು. ಪಕ್ಷದ್ದು ಎಂದೆ. ಅವಳು ಅದನ್ನು ಕಾಗದಗಳ ಮೇಲೆ ಇಟ್ಟು ಹೋದಳು.

ಮಾದಮ್ಮನಿಗೆ ಮುಖ ನೆನಪಿರಲಿಲ್ಲ ಎಂಬುದೇ ನಿಜವಿರಬಹುದು. ನನ್ನದು ಯಾರೂ ನೆನಪಿಡುವಂಥ ಮುಖವಲ್ಲ, ಪಕ್ಷಕ್ಕೆ ಇದೊಂದು ಅನುಕೂಲ. ಅಥವಾ ಎರಡು ಲೋಟ ಮಜ್ಜಿಗೆ ಕುಡಿದವನನ್ನು ತೋರಿಸಿಕೊಡಬಾರದು ಎಂಬ ಏನೋ ಒಂದು ಅವರ ಕಡೆಯ ರೂಢಿ ಇದ್ದೀತು. ಈ ಎರಡರಲ್ಲಿ ಯಾವುದಾದರೂ ಒಂದನ್ನು ಇಲ್ಲಿ ಬರೆದು ಮುಗಿಸೋಣವೆಂದು ಕೂತೆ. ಮಾದಮ್ಮಾ, ರೇಂಜರು ಕೇಳಿದಾಗ ನೀನು ಗೋಡೆ ನೋಡಿದೆ, ಬಾಗಿಲು ನೋಡಿದೆ, ಕೊನೆಗೆ ಆ ನೊಣವನ್ನೂ ನೋಡಿದೆ; ನನ್ನ ಕಡೆ ಒಂದು ಸಲವಾದರೂ ಯಾಕೆ ನೋಡಲಿಲ್ಲ?